ಜೇಬಿನ ಚಾಕು ಕೊಳ್ಳುವಾಗ ಎಣಿಸಬೇಕಾದದ್ದು ಪದರಗಳನ್ನು

ಬಹುಸಾಧನ ಚಾಕುವಿನ ಪೆಟ್ಟಿಗೆಯ ಮೇಲೆ ಎದ್ದು ಕಾಣುವುದು ಒಂದು ಸಂಖ್ಯೆ. ಒಂದರಲ್ಲಿ 7 ಉಪಯೋಗ, ಇನ್ನೊಂದರಲ್ಲಿ 12, ಮತ್ತೊಂದರಲ್ಲಿ 33. ಕೊಳ್ಳಲು ಹೋದವರು ಸಹಜವಾಗಿಯೇ ಬೆಲೆಯನ್ನು ಆ ಸಂಖ್ಯೆಯಿಂದ ಭಾಗಿಸಿ ನೋಡುತ್ತಾರೆ. ಆ ಲೆಕ್ಕದಲ್ಲಿ ದೊಡ್ಡ ಚಾಕುವೇ ಲಾಭದ್ದೆನಿಸುತ್ತದೆ. ಆದರೆ ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದವರು ಎರಡನೆಯ ವಾರ ಮೇಜಿನ ಖಾನೆಯಲ್ಲಿ ಬಿಟ್ಟು ಹೊರಡುತ್ತಾರೆ. ದಿನವೂ ಜೊತೆಗಿರಬೇಕಾದ ಉಪಕರಣಕ್ಕೆ ಬೇರೆಯೇ ಲೆಕ್ಕ ಬೇಕು. ಅದರಲ್ಲಿ ಎಷ್ಟು ಪದರಗಳಿವೆ, ಆ ಪದರಗಳಲ್ಲಿ ಏನೇನಿದೆ, ಅವುಗಳಲ್ಲಿ ನಿಮ್ಮ ಕೈ ನಿಜವಾಗಿ ಹುಡುಕುವುದು ಯಾವುದನ್ನು ಎಂಬುದನ್ನು ನೋಡಬೇಕು.

ಮೊದಲು ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ವಿಕ್ಟೋರಿನಾಕ್ಸ್ ಕಂಪನಿಯ ಸ್ಪಾರ್ಟನ್ ಎಂಬ ಹಳೆಯ, ಜನಪ್ರಿಯ ಮಾದರಿಗೆ 12 ಉಪಯೋಗಗಳು. ದೊಡ್ಡ ಅಲಗು, ಸಣ್ಣ ಅಲಗು, ಡಬ್ಬಿ ತೆರೆಯುವ ಸಾಧನ, ಅದರ ತುದಿಯೇ ಆಗಿರುವ ಸಣ್ಣ ಸ್ಕ್ರೂಡ್ರೈವರ್, ಬಾಟಲಿಯ ಮುಚ್ಚಳ ತೆಗೆಯುವ ಸಾಧನ, ಅದರ ತುದಿಯ ದೊಡ್ಡ ಸ್ಕ್ರೂಡ್ರೈವರ್, ಅದರದೇ ಬುಡದಲ್ಲಿ ವೈರಿನ ಹೊದಿಕೆ ಸುಲಿಯಲು ಕೊರೆದ ಕಚ್ಚು, ದಬ್ಬಣ, ಬಿರಡೆ ಎಳೆಯುವ ಸುರುಳಿ, ಚಿಮ್ಮಟ, ಹಲ್ಲುಕಡ್ಡಿ, ಬೀಗದ ಕೈ ಸಿಕ್ಕಿಸುವ ಬಳೆ. ಒಟ್ಟು ಹನ್ನೆರಡು ಸರಿಯಾಗಿಯೇ ಇವೆ. ಆದರೆ ಬಿಡಿಸಿ ಮಡಚುವ ಸಾಧನಗಳು ಆರು ಮಾತ್ರ. ಇದು ಮೋಸವಲ್ಲ, ಒಂದೊಂದೂ ಹೇಳಿದ ಕೆಲಸ ಮಾಡುತ್ತದೆ. ಆದರೂ ಬಳೆಯನ್ನೂ ಕತ್ತರಿಯನ್ನೂ ತಲಾ ಒಂದೆಂದು ಎಣಿಸುವ ಸಂಖ್ಯೆಯನ್ನು ನೆಚ್ಚಿಕೊಂಡು ಉಪಕರಣವನ್ನು ಆರಿಸಲಾಗದು.

ಪದರ ಎಂದರೆ ಏನು?

ಚಾಕುವನ್ನು ಮಡಚಿ ಮೇಲಿನಿಂದ ನೋಡಿದರೆ ತೆಳುವಾದ ಲೋಹದ ತಗಡುಗಳ ನಡುವೆ ಸಾಲಾಗಿ ಕಂದಕಗಳು ಕಾಣುತ್ತವೆ. ಒಂದೊಂದು ಕಂದಕವೂ ಒಂದು ಪದರ. ಪ್ರತಿ ಪದರದ ಬೆನ್ನಿಗೆ ಒಂದು ಉಕ್ಕಿನ ಪಟ್ಟಿ ಇದೆ, ಅದೇ ಸ್ಪ್ರಿಂಗ್. ಅಲಗನ್ನು ಉಗುರಿನಿಂದ ಎಳೆದಾಗ ಮೊದಲು ಬಿಗಿಯಾಗಿ ತಡೆಯುವುದೂ ಕೊನೆಯಲ್ಲಿ ‘ಟಕ್’ ಎಂದು ನೆಲೆಗೆ ಕೂರಿಸುವುದೂ ಆ ಪಟ್ಟಿಯೇ.

ಈ ರಚನೆಗೆ ಒಂದು ಚರಿತ್ರೆಯಿದೆ, ಅದು ಆಯ್ಕೆಗೂ ದಾರಿ ತೋರಿಸುತ್ತದೆ. 1891ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯ ತನ್ನ ಸೈನಿಕರಿಗೆ ಕೊಡಲು ಆರಂಭಿಸಿದ ಚಾಕುವಿನಲ್ಲಿ ನಾಲ್ಕೇ ಸಾಧನಗಳಿದ್ದವು: ಅಲಗು, ದಬ್ಬಣ, ಡಬ್ಬಿ ತೆರೆಯುವ ಸಾಧನ, ಸ್ಕ್ರೂಡ್ರೈವರ್. ಸೈನಿಕರಿಗೆ ಡಬ್ಬಿಯಲ್ಲಿ ಆಹಾರ ಬರುತ್ತಿತ್ತು. ಹೊಸದಾಗಿ ಬಂದಿದ್ದ ರೈಫಲನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕಿತ್ತು. ಬೇಡದ್ದು ಒಂದೂ ಇರಲಿಲ್ಲ. ಮೊದಲ ಚಾಕುಗಳು ಜರ್ಮನಿಯ ಸೋಲಿಂಗನ್ ನಗರದಲ್ಲಿ ತಯಾರಾದವು. ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ 1884ರಲ್ಲಿ ಕಾರ್ಯಾಗಾರ ತೆರೆದಿದ್ದ ಕಾರ್ಲ್ ಎಲ್ಸೆನರ್ ಆ ಕೆಲಸವನ್ನು ಸ್ವಂತ ದೇಶಕ್ಕೆ ತಂದರು; ಮುಂದೆ ವಿಕ್ಟೋರಿನಾಕ್ಸ್ ಆದದ್ದು ಅದೇ ಕಾರ್ಯಾಗಾರ. ಸೈನಿಕರ ಚಾಕು ಗಟ್ಟಿ, ಆದರೆ ಭಾರ. ಹಗುರವಾದದ್ದೊಂದನ್ನು ಮಾಡಲು ಹೊರಟ ಎಲ್ಸೆನರ್ ಒಂದೇ ಸ್ಪ್ರಿಂಗ್ ಅದರ ಎರಡೂ ಬದಿಯ ಸಾಧನಗಳನ್ನು ಹಿಡಿದಿಡುವಂತೆ ರೂಪಿಸಿದರು. ಆರು ಸಾಧನಗಳಿಗೆ ಎರಡೇ ಸ್ಪ್ರಿಂಗ್ ಸಾಕಾಯಿತು. 1897ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಪಡೆದರು. ಇಂದು ಅಂಗಡಿಯಲ್ಲಿ ಕಾಣುವ ಕೆಂಪು ಹಿಡಿಯ ಚಾಕುಗಳ ಮೂಲ ಇದು.

ಆದ್ದರಿಂದ ಬೆನ್ನಿನ ಕಡೆಯಿಂದ ತೆರೆಯುವ ದಬ್ಬಣ ಮತ್ತು ಸುರುಳಿ ಚಾಕುವಿನ ದಪ್ಪವನ್ನು ಹೆಚ್ಚಿಸುವುದಿಲ್ಲ. ಅವು ಮುಂಭಾಗದ ಸಾಧನಗಳ ಸ್ಪ್ರಿಂಗನ್ನೇ ಹಂಚಿಕೊಂಡಿವೆ. ದಪ್ಪ ಬೆಳೆಯುವುದು ಮುಂಭಾಗಕ್ಕೆ ಹೊಸ ಸಾಧನ ಸೇರಿದಾಗ. 91 ಮಿಲಿಮೀಟರ್ ಉದ್ದದ ಸ್ಪಾರ್ಟನ್‌ಗೆ ಎರಡು ಪದರ, ತೂಕ ಸುಮಾರು 60 ಗ್ರಾಂ. ಅದಕ್ಕೆ ಕತ್ತರಿಯ ಪದರ ಸೇರಿದರೆ ಕ್ಲೈಂಬರ್, ಸುಮಾರು 80 ಗ್ರಾಂ. ಗರಗಸದ ಪದರವೂ ಸೇರಿದರೆ ಹಂಟ್ಸ್‌ಮನ್, 100 ಗ್ರಾಂಗೆ ಹತ್ತಿರ. ಒಂದು ಪದರಕ್ಕೆ ಸುಮಾರು 3 ಮಿಲಿಮೀಟರ್ ದಪ್ಪ, 20 ಗ್ರಾಂ ತೂಕ ಎಂದು ಅಂದಾಜಿಟ್ಟುಕೊಂಡರೆ ಯಾವ ಮಾದರಿಯನ್ನಾದರೂ ಅಳೆಯಬಹುದು. 33 ಉಪಯೋಗಗಳ ಸ್ವಿಸ್‌ಚಾಂಪ್ 33 ಮಿಲಿಮೀಟರ್ ದಪ್ಪ, 185 ಗ್ರಾಂ ತೂಕ. ಅಂದರೆ ಒಂದು ಮೊಬೈಲ್ ಫೋನಿನಷ್ಟು ಭಾರ, ಅದೂ ಒಂದು ಸಣ್ಣ ಗಟ್ಟಿಯಾಗಿ. ಪ್ರವಾಸದ ಚೀಲದಲ್ಲಿ ಅದಕ್ಕೆ ಜಾಗವಿದೆ. ದಿನನಿತ್ಯದ ಜೇಬಿನಲ್ಲಿಲ್ಲ.

ನನ್ನ ಅನಿಸಿಕೆಯಲ್ಲಿ ಪ್ಯಾಂಟಿನ ಜೇಬು ಆರಾಮವಾಗಿ ಹೊರುವುದು ಮೂರು ಪದರಗಳವರೆಗೆ. ಬೀಗದ ಕೈ ಗೊಂಚಲಿಗೆ ಸೇರಿಸುವುದಾದರೆ 58 ಮಿಲಿಮೀಟರ್ ಉದ್ದದ ಸಣ್ಣ ಜಾತಿಯೇ ಸರಿ. ಅವುಗಳಲ್ಲಿ ಹೆಸರಾದ ಕ್ಲಾಸಿಕ್ ಮಾದರಿ ಕೇವಲ 21 ಗ್ರಾಂ. ಈ ಉದ್ದಗಳೆಲ್ಲ ಮಡಚಿದ ಸ್ಥಿತಿಯವು ಎಂಬುದು ನೆನಪಿರಲಿ. 91 ಮಿಲಿಮೀಟರ್ ಚಾಕುವಿನ ದೊಡ್ಡ ಅಲಗು ಸುಮಾರು 7 ಸೆಂಟಿಮೀಟರ್; 58ರದ್ದು 4 ಸೆಂಟಿಮೀಟರಿಗಿಂತ ಕಡಿಮೆ.

ಕತ್ತರಿ ಇರಲೇಬೇಕು

ಚಾಕು ಎಂದೊಡನೆ ಅಲಗಿನ ಕಡೆಗೇ ಎಲ್ಲರ ಗಮನ. ಆದರೆ ಊರಿನಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಕಳೆಯುವ ದಿನವೊಂದರಲ್ಲಿ ಕತ್ತರಿಗೆ ಸಿಗುವ ಕೆಲಸವೇ ಹೆಚ್ಚು. ಹಾಲಿನ ಪ್ಯಾಕೆಟ್ಟಿನ ಮೂಲೆ, ಮಾತ್ರೆಯ ಪಟ್ಟಿ, ಹೊಸ ಅಂಗಿಗೆ ಚೀಟಿ ಕಟ್ಟಿದ ಪ್ಲಾಸ್ಟಿಕ್ ಎಳೆ, ಸೀರೆಯ ಅಂಚಿನಿಂದ ಎದ್ದುನಿಂತ ನೂಲು, ಗಾಯದ ಪಟ್ಟಿ, ಹೂಮಾಲೆಯ ದಾರ, ಮುರಿದ ಉಗುರು. ಇವುಗಳಲ್ಲಿ ಹೆಚ್ಚಿನವನ್ನು ಅಲಗಿನಿಂದ ಮಾಡಲು ಹೊರಟರೆ ಒಂದೋ ಕೆಲಸ ಕೆಡುತ್ತದೆ, ಇಲ್ಲವೇ ಬೆರಳು ಕುಯ್ಯುತ್ತದೆ. ಕತ್ತರಿಯ ಕೆಲಸವನ್ನು ಅಲಗು ಮಾಡಲಾರದು. ಅಲಗಿನ ಸಣ್ಣಪುಟ್ಟ ಕೆಲಸಗಳನ್ನು, ಪಾರ್ಸೆಲ್ಲಿನ ಅಂಟುಪಟ್ಟಿ ಸೀಳುವುದನ್ನೂ ಸೇರಿಸಿ, ಕತ್ತರಿ ಹೇಗಾದರೂ ಮಾಡಿ ಮುಗಿಸುತ್ತದೆ.

ಇನ್ನೊಂದು ಕಾರಣವೂ ಇದೆ. ನಾಲ್ಕು ಜನರ ನಡುವೆ ಅಲಗು ಬಿಚ್ಚಿದರೆ ಎದುರಿಗಿದ್ದವರು ಅರೆಕ್ಷಣ ಹಿಂದೆ ಸರಿಯುತ್ತಾರೆ. ಪುಟ್ಟ ಕತ್ತರಿ ತೆಗೆದರೆ ‘ನನಗೂ ಒಂದು ನಿಮಿಷ ಕೊಡಿ’ ಎನ್ನುತ್ತಾರೆ. ದಿನವೂ ಜನರ ಮಧ್ಯೆ ಬಳಸುವ ವಸ್ತುವಿಗೆ ಈ ಗುಣ ಸಣ್ಣದಲ್ಲ.

ಹಾಗಾಗಿ ನಾನು ಯಾರಿಗೆ ಸಲಹೆ ಕೊಟ್ಟರೂ ಮೊದಲು ಹೇಳುವುದು ಕತ್ತರಿಯಿರುವ ಮಾದರಿಯನ್ನೇ. ಕ್ಲಾಸಿಕ್‌ನಲ್ಲಿ ಅದಿದೆ. 91 ಮಿಲಿಮೀಟರಿನವುಗಳಲ್ಲಿ ಕ್ಲೈಂಬರ್, ಸೂಪರ್ ಟಿಂಕರ್, ಕಾಂಪ್ಯಾಕ್ಟ್ ಇವುಗಳಲ್ಲಿದೆ. ಕಾಂಪ್ಯಾಕ್ಟ್ ನನಗೆ ವಿಶೇಷವಾಗಿ ಮೆಚ್ಚುಗೆಯಾದದ್ದು. ಅದರಲ್ಲಿ ಸಣ್ಣ ಅಲಗನ್ನು ಬಿಟ್ಟಿದ್ದಾರೆ. ಡಬ್ಬಿ ತೆರೆಯುವುದನ್ನೂ ಮುಚ್ಚಳ ತೆಗೆಯುವುದನ್ನೂ ಒಂದೇ ಸಾಧನದಲ್ಲಿ ಸೇರಿಸಿದ್ದಾರೆ. ಹೀಗೆ ಉಳಿಸಿದ ಜಾಗದಲ್ಲಿ ಕತ್ತರಿಯನ್ನು ಕೂರಿಸಿ ಇಡೀ ಚಾಕುವನ್ನು ಎರಡೇ ಪದರಗಳಲ್ಲಿ ಮುಗಿಸಿದ್ದಾರೆ. ಹಿಡಿಯಲ್ಲಿ ಸಣ್ಣ ಪೆನ್ನೂ ಒಂದು ಗುಂಡುಸೂಜಿಯೂ ಇವೆ. ಬ್ಯಾಂಕಿನಲ್ಲಿ ಚಲನ್ ತುಂಬುವಾಗ ಪೆನ್ನು, ಮೊಬೈಲಿನ ಸಿಮ್ ತಟ್ಟೆ ಹೊರತೆಗೆಯಲು ಸೂಜಿ. ಯಾವುದನ್ನು ಬಿಡಬೇಕೆಂದು ಕುಳಿತು ಯೋಚಿಸಿದವರು ರೂಪಿಸಿದ ಉಪಕರಣ ಅದು.

ಎರಡು ಅಲಗುಗಳಿರುವ ಮಾದರಿಯನ್ನೇ ಕೊಂಡರೆ ಅವುಗಳಿಗೆ ಕೆಲಸ ಹಂಚಿಬಿಡಿ. ಸಣ್ಣದು ಪಾರ್ಸೆಲ್, ರಟ್ಟು, ಹಗ್ಗಕ್ಕೆ. ದೊಡ್ಡದು ಸೀಬೆ, ಮಾವು, ಸೌತೆಕಾಯಿಗೆ ಮಾತ್ರ. ಅಂಟುಪಟ್ಟಿಯ ಗೋಂದು ಮೆತ್ತಿದ ಅಲಗಿನಿಂದ ಯಾರೂ ಹಣ್ಣು ಹೆಚ್ಚಬಾರದು.

ಸ್ಕ್ರೂಡ್ರೈವರಿನ ವಿಷಯದಲ್ಲಿ ಗೊಂದಲ ಬೇಡ. ನಮ್ಮ ಮನೆಗಳಲ್ಲಿ ಸಿಗುವ ಸ್ಕ್ರೂಗಳಲ್ಲಿ ಅಡ್ಡಗೆರೆಯವೂ ಇವೆ, ನಕ್ಷತ್ರದಂಥ ತಲೆಯವೂ ಇವೆ. ನಕ್ಷತ್ರ ತಲೆಗೆಂದೇ ಪ್ರತ್ಯೇಕ ಸಾಧನ ಬೇಕೆನ್ನುವವರು ಟಿಂಕರ್ ಜಾತಿಯವನ್ನು ನೋಡಬಹುದು. ಅವುಗಳಲ್ಲಿ ಬಿರಡೆ ಸುರುಳಿಯ ಜಾಗದಲ್ಲಿ ಅದೇ ಇದೆ. ಆದರೆ ಡಬ್ಬಿ ತೆರೆಯುವ ಸಾಧನದ ಸಣ್ಣ ತುದಿ ಹೆಚ್ಚಿನ ನಕ್ಷತ್ರ ತಲೆಗಳನ್ನೂ ಚೆನ್ನಾಗಿಯೇ ಹಿಡಿಯುತ್ತದೆ. ಬಿರಡೆ ಸುರುಳಿ ನಮಗೆ ದಂಡ ಎಂದುಕೊಳ್ಳುವವರಿಗೆ ಒಂದು ಮಾತು: ಅದರ ಒಳಗೆ ತಿರುಗಿಸಿ ಕೂರಿಸಬಹುದಾದ ಪುಟ್ಟ ಸ್ಕ್ರೂಡ್ರೈವರ್ ಒಂದು ಸಿಗುತ್ತದೆ. ಕನ್ನಡಕದ ಕೀಲಿನ ಸ್ಕ್ರೂ ಸಡಿಲವಾದಾಗ ಅದಕ್ಕಿಂತ ಒದಗುವ ವಸ್ತು ಇನ್ನೊಂದಿಲ್ಲ. ಬಿಗಿದುಕೊಂಡ ಗಂಟನ್ನು ಸಡಿಲಿಸಲೂ ಸುರುಳಿಯ ಮೊನೆ ಬರುತ್ತದೆ. ವಿದ್ಯುತ್ ಕೆಲಸದಲ್ಲಿ ಮಾತ್ರ ಎಚ್ಚರ: ಹೊರಗೆ ಪ್ಲಾಸ್ಟಿಕ್ ಹಿಡಿ ಕಂಡರೂ ಒಳಗಿನ ತಗಡು, ಸ್ಪ್ರಿಂಗ್ ಎಲ್ಲವೂ ಲೋಹ, ಬೆರಳಿಗೆ ತಾಗುತ್ತವೆ. ಮೇನ್ ಸ್ವಿಚ್ ಆರಿಸದೆ ಈ ಚಾಕುವನ್ನು ಸ್ವಿಚ್‌ಬೋರ್ಡಿನ ಹತ್ತಿರ ತರಲೇಬೇಡಿ.

ಇಕ್ಕಳ ಬೇಕಾದವರು ಯಾರು?

ಬಹುಸಾಧನಗಳಲ್ಲಿ ಇನ್ನೊಂದು ಕುಲವಿದೆ. ಅದರ ನಡುಮಧ್ಯದಲ್ಲಿರುವುದು ಇಕ್ಕಳ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಕಾರು ಕೆಟ್ಟಾಗಲೆಲ್ಲ ಜೇಬಿನ ಚಾಕುವಿನಿಂದಲೇ ರಿಪೇರಿ ಮಾಡಬೇಕಾಯಿತು. ಇದಕ್ಕೊಂದು ಇಕ್ಕಳವೂ ಇದ್ದಿದ್ದರೆ ಎಂದು ಅವರಿಗೆ ಅನಿಸಿತು. 1980ರಲ್ಲಿ ಪೇಟೆಂಟ್, 1983ರಲ್ಲಿ ಮಾರುಕಟ್ಟೆಗೆ ಮೊದಲ ಉಪಕರಣ. ಎಂಟು ವರ್ಷ ಹಿಡಿದ ಆ ಛಲದಿಂದ ಒಂದು ಹೊಸ ಬಗೆಯೇ ಹುಟ್ಟಿತು.

ಇಕ್ಕಳಕ್ಕೆ ಬಲ ಬರುವುದು ಹಿಡಿಯ ಉದ್ದದಿಂದ, ಕೀಲಿನ ದಪ್ಪದಿಂದ. ಹಾಗಾಗಿ ಅದು ಹಗುರವಾಗಿರಲು ಒಂದು ಮಿತಿಯಿದೆ. ಲೆದರ್‌ಮನ್ ಕಂಪನಿಯ ಹಗುರ ಮಾದರಿಗಳಲ್ಲೊಂದಾದ ಸ್ಕೆಲೆಟೂಲ್ ಸುಮಾರು 142 ಗ್ರಾಂ. ಪೂರ್ಣ ಗಾತ್ರದ ವೇವ್ ಪ್ಲಸ್ ಸುಮಾರು 241 ಗ್ರಾಂ. ಇವು ಜೇಬಿನವಲ್ಲ, ಬೆಲ್ಟಿನ ಚೀಲದವು. ಕೀಗೊಂಚಲಿಗೆ ಹೊಂದುವ ಪುಟ್ಟ ಇಕ್ಕಳಗಳೂ ಸಿಗುತ್ತವೆ. ಮುಳ್ಳು, ಮೊಳೆ, ಸ್ಟೇಪ್ಲರ್ ಪಿನ್ನು ಕೀಳಲು, ಬಿಸಿ ವಸ್ತು ಹಿಡಿಯಲು ಅವು ಸಾಕು. ಕಚ್ಚಿಕೊಂಡ ನಟ್ಟನ್ನು ಅವುಗಳಿಂದ ಬಿಚ್ಚಲು ಹೋದರೆ ನಟ್ಟಿನ ಮೂಲೆಗಳು ಸವೆದು, ಆಮೇಲೆ ಸರಿಯಾದ ಸ್ಪ್ಯಾನರೂ ಕೂರದಂತಾಗುತ್ತದೆ.

ಕೇಬಲ್ ಕೆಲಸದವರು, ಧ್ವನಿವರ್ಧಕ ಜೋಡಿಸುವವರು, ಪಂಪ್‌ಸೆಟ್ ನೋಡಿಕೊಳ್ಳುವವರು, ದೂರದ ಬೈಕ್ ಸವಾರರು ಇವರಿಗೆ ಇಕ್ಕಳ ದಿನವೂ ಬೇಕು. ಭಾರವನ್ನು ಅವರು ಸಂತೋಷದಿಂದಲೇ ಹೊರುತ್ತಾರೆ. ಉಳಿದವರಿಗೆ ಒಂದು ಒಳ್ಳೆಯ ಇಕ್ಕಳವನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಜೇಬಿನಲ್ಲಿ ಕತ್ತರಿಯ ಚಾಕು ಇಟ್ಟುಕೊಳ್ಳುವುದೇ ಜಾಣತನ. ಅಡಿಕೆ ತೋಟದಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡುವವರಿಗೂ ಇದೇ ಮಾತು. ಕತ್ತಿಯ ಕೆಲಸವನ್ನು ಜೇಬಿನ ಚಾಕುವಿನಿಂದ ನಿರೀಕ್ಷಿಸಬಾರದು.

ಬೀಗವಿಲ್ಲದ ಅಲಗು, ಮತ್ತು ಕಾನೂನು

ಅಲಗು ತೆರೆದ ಮೇಲೆ ಅದನ್ನು ಹಿಡಿದಿಡಲು ಎರಡು ದಾರಿಗಳಿವೆ. ಒಂದು, ಮೇಲೆ ಹೇಳಿದ ಸ್ಪ್ರಿಂಗಿನ ಒತ್ತಡ ಮಾತ್ರ. 58, 84, 91 ಮಿಲಿಮೀಟರಿನ ಸ್ವಿಸ್ ಚಾಕುಗಳು ಹೀಗೆ. ಇನ್ನೊಂದು, ಅಲಗು ನೆಲೆಗೆ ಬಂದೊಡನೆ ಅಡ್ಡ ಬಂದು ನಿಲ್ಲುವ ಲೋಹದ ಪಟ್ಟಿ. ಅದನ್ನು ಬೆರಳಿನಿಂದ ಸರಿಸದೆ ಅಲಗು ಮಡಚದು. 111 ಮಿಲಿಮೀಟರಿನ ಸ್ವಿಸ್ ಚಾಕುಗಳಲ್ಲಿ, ದೊಡ್ಡ ಲೆದರ್‌ಮನ್‌ಗಳಲ್ಲಿ ಇಂಥ ಬೀಗವಿದೆ.

ಬೀಗವಿದ್ದರೆ ಸುರಕ್ಷಿತ, ಇಲ್ಲದಿದ್ದರೆ ಅಪಾಯ ಎಂಬ ಸರಳ ತೀರ್ಮಾನ ಸರಿಯಲ್ಲ. ಅಂಚಿನಿಂದ ಕೆಳಮುಖವಾಗಿ ಕುಯ್ಯುವಾಗ ಒತ್ತಡ ಅಲಗನ್ನು ತೆರೆದೇ ಇಡುತ್ತದೆ, ಬೀಗ ಬೇಕಿಲ್ಲ. ಮೊನೆಯಿಂದ ಚುಚ್ಚಿದಾಗ, ಅಲಗಿನ ಬೆನ್ನಿನಿಂದ ತಟ್ಟಿದಾಗ ಅದು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಬೀಗವಿಲ್ಲದ ಚಾಕುವಿನ ಮೊನೆಯಿಂದ ತೆಂಗಿನಕಾಯಿಯ ಕಣ್ಣು ಕೊರೆಯುವುದು, ಚಪ್ಪಲಿಯ ಪಟ್ಟಿಗೆ ತೂತು ಮಾಡುವುದು ಬೇಡವೇ ಬೇಡ. ತೂತಿಗೆ ದಬ್ಬಣವಿದೆ, ಅದಕ್ಕೂ ಬೀಗವಿಲ್ಲದ ಕಾರಣ ತಿರುಗಿಸುತ್ತಾ ನಿಧಾನಕ್ಕೆ ಒತ್ತಬೇಕು. ಹಣ್ಣು, ಕಾಗದ, ದಾರದ ಮಟ್ಟದ ಕೆಲಸಕ್ಕೆ ಬೀಗವಿಲ್ಲದ್ದೇ ಸಾಕು.

ಕಾನೂನಿನ ದೃಷ್ಟಿಯಿಂದಲೂ ಅದೇ ಅನುಕೂಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬಂದಿರುವ 2016ರ ನಿಯಮಗಳು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾಗಿರುವ ಕತ್ತಿ, ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸಿ, ಮನೆಗೆಲಸ ಮತ್ತು ಕೃಷಿಯ ಉಪಕರಣಗಳನ್ನು ಹೊರಗಿಟ್ಟಿವೆ. ಜೇಬಿನ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕೆಲವು ಪ್ರದೇಶಗಳಿಗೆ ಇನ್ನೂ ಬಿಗಿಯಾದ ಅಧಿಸೂಚನೆಗಳಿವೆ. ದೆಹಲಿಯಲ್ಲಿ 1980ರಿಂದ ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಮೇಲೂ, 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲದ ಅಲಗುಗಳ ಮೇಲೂ ನಿರ್ಬಂಧವಿದೆ. ಗುಂಡಿ ಒತ್ತಿ ತೆರೆಯುವ ಚಾಕುವನ್ನು ಎಲ್ಲಿಯೂ ಕೊಳ್ಳಬೇಡಿ ಎಂಬುದು ನನ್ನ ಖಚಿತ ಮಾತು. ಅದರಿಂದ ಮನೆಗೆಲಸಕ್ಕೆ ಹೆಚ್ಚಿನ ಉಪಯೋಗವೇನೂ ಇಲ್ಲ. ಚುನಾವಣೆ, ಗಲಭೆಗಳ ಹೊತ್ತಿನಲ್ಲಿ ನಿಷೇಧಾಜ್ಞೆ ಜಾರಿಯಾದಾಗ ಸಣ್ಣ ಚಾಕುವನ್ನೂ ಮನೆಯಲ್ಲಿಟ್ಟೇ ಹೊರಡುವುದು ಒಳ್ಳೆಯದು.

ಕಾನೂನು ಬಿಟ್ಟರೂ ಬಾಗಿಲುಗಳಿವೆ. ಮೆಟ್ರೋ ನಿಲ್ದಾಣ, ನ್ಯಾಯಾಲಯ, ವಿಧಾನಸೌಧ, ಕ್ರಿಕೆಟ್ ಮೈದಾನ ಇಲ್ಲೆಲ್ಲ ತಪಾಸಣೆ ನಡೆಯುತ್ತದೆ. ಎಕ್ಸ್‌ರೇ ಪರದೆಯಲ್ಲಿ ಅಲಗು ಕಂಡರೆ ನಿಮ್ಮನ್ನು ನಿಲ್ಲಿಸುತ್ತಾರೆ, ಕಾವಲಿನವರು ಅದನ್ನು ಬಿಡಲೇಬೇಕೆಂದಿಲ್ಲ. ದಿನವೂ ಮೆಟ್ರೋದಲ್ಲಿ ಓಡಾಡುವವರು ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು. ವಿಮಾನದ ಕೈಚೀಲದಲ್ಲಿ ಚಾಕು ಯಾವ ಗಾತ್ರದ್ದಾದರೂ ನಿಷಿದ್ಧ. ಒಪ್ಪಿಸುವ ಸಾಮಾನಿನಲ್ಲಿ ಇಡಬಹುದು. ಕೀಗೊಂಚಲಿನ ಪುಟ್ಟ ಚಾಕುಗಳು ಮರೆವಿನಿಂದ ವಿಮಾನ ನಿಲ್ದಾಣದ ಡಬ್ಬಿ ಸೇರುವುದೇ ಹೆಚ್ಚು. ಆದ್ದರಿಂದ ಗೊಂಚಲಿನಿಂದ ಸುಲಭವಾಗಿ ಬಿಡಿಸಲು ಬರುವ ಕೊಂಡಿಗೆ ಅದನ್ನು ಹಾಕಿಡಿ. ಅಲಗೇ ಇಲ್ಲದ ಬಹುಸಾಧನಗಳ ಕಡೆಗೂ ಈಗ ಕಂಪನಿಗಳ ಗಮನ ಹರಿದಿದೆ; ಅಂಥದನ್ನು ರೂಪಿಸುತ್ತಿರುವುದಾಗಿ ವಿಕ್ಟೋರಿನಾಕ್ಸ್ 2024ರಲ್ಲಿ ಹೇಳಿತು.

ಓದಲು, ಕೆಲಸಕ್ಕೆ ಬ್ರಿಟನ್ನಿಗೆ ಹೋಗುವ ನಮ್ಮವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿ 3 ಇಂಚಿನೊಳಗಿನ, ಬೀಗವಿಲ್ಲದ ಮಡಚುವ ಅಲಗನ್ನು ಕಾರಣ ಹೇಳದೆ ಇಟ್ಟುಕೊಳ್ಳಬಹುದು. ಬೀಗವಿರುವುದನ್ನು ಸಾರ್ವಜನಿಕ ಸ್ಥಳದಲ್ಲಿ ಸರಿಯಾದ ಕಾರಣವಿಲ್ಲದೆ ಇಟ್ಟುಕೊಂಡರೆ, ಅಲಗು ಎಷ್ಟೇ ಚಿಕ್ಕದಾಗಿದ್ದರೂ ಅಪರಾಧ.

ಉಕ್ಕು, ತುಕ್ಕು, ಎಣ್ಣೆ

ಉಕ್ಕಿನ ಹೆಸರುಗಳ ಬಗ್ಗೆ ಉತ್ಸಾಹಿಗಳು ಗಂಟೆಗಟ್ಟಲೆ ಮಾತನಾಡುತ್ತಾರೆ. ದಿನನಿತ್ಯದ ಸಣ್ಣ ಚಾಕುವಿಗೆ ಅಷ್ಟು ಬೇಕಿಲ್ಲ. ಗಡಸು ಉಕ್ಕು ಹರಿತವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಸಾಣೆ ಹಿಡಿಯುವುದು ಕಷ್ಟ, ಅಂಚು ಚಕ್ಕೆ ಏಳುವ ಸಂಭವವೂ ಹೆಚ್ಚು. ಸ್ವಿಸ್ ಚಾಕುಗಳ ಅಲಗು ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ ಸುಮಾರು 56, ಇದು ನಡುಮಟ್ಟ. ಬೇಗ ಸ್ವಲ್ಪ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವಾಗುತ್ತದೆ. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ, ಹುಳಿ ಮಾವಿಗೆ ತಡೆಯುವ ತುಕ್ಕುನಿರೋಧಕ ಉಕ್ಕೇ ನಮಗೆ ಬೇಕು. ಹಾಗೆಂದು ಒರೆಸದೆ ಮಡಚಿಡಬಾರದು. ಕೀಲಿನ ಒಳಗೆ ತೇವ ಉಳಿದರೆ ಇಂಥ ಉಕ್ಕಿನಲ್ಲೂ ಕಲೆ ಏಳುತ್ತದೆ.

ಬೀದಿಯ ಸಾಣೆಗಾಲಿಗೆ ಈ ಅಲಗನ್ನು ಕೊಡಬೇಡಿ. ತೆಳು ಅಲಗು ಗಾಲಿಯ ಬಿಸಿಗೆ ಗಡಸುತನ ಕಳೆದುಕೊಳ್ಳುತ್ತದೆ, ಒಂದೇ ಸಲಕ್ಕೆ ವರ್ಷಗಳ ಉಕ್ಕು ಸವೆಯುತ್ತದೆ. ನಯವಾದ ಸಾಣೆಕಲ್ಲಿನ ಮೇಲೆ, ಪ್ರತಿ ಬದಿಗೂ 15ರಿಂದ 20 ಡಿಗ್ರಿ ಓರೆಯಲ್ಲಿ, ಹಗುರವಾಗಿ ನಾಲ್ಕಾರು ಬಾರಿ ಎಳೆದರೆ ಸಾಕು. ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪು ಹಚ್ಚದೆ ಬಿಟ್ಟ ಒರಟು ಅಂಚು ಅದೇ ಕೆಲಸ ಮಾಡುತ್ತದೆ.

ಜೇಬಿನ ನೂಲುಕಸ ಕೀಲಿಗೆ ಸೇರಿ ಸಾಧನಗಳು ಬಿಗಿಯಾದಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಬಿಚ್ಚಿ ಮಡಚಿ, ಪೂರ್ತಿ ಒಣಗಿಸಿ, ಒಂದು ಹನಿ ಎಣ್ಣೆ ಬಿಡಬೇಕು. ಕೊಬ್ಬರಿ ಎಣ್ಣೆ ಬೇಡ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಅದು ಗಟ್ಟಿಯಾಗುತ್ತದೆ, ಕಾಲ ಕಳೆದಂತೆ ಅಂಟಾಗುತ್ತದೆ. ಹಣ್ಣು ಹೆಚ್ಚುವ ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆಯೂ ತರವಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಬಣ್ಣವಿಲ್ಲದ, ವಾಸನೆಯಿಲ್ಲದ, ಕೆಡದ ಎಣ್ಣೆ. ಒಂದು ಸಣ್ಣ ಸೀಸೆ ವರ್ಷಗಟ್ಟಲೆ ಬರುತ್ತದೆ.

ಅಂಗಡಿಯಲ್ಲಿ ಕೈಗೆ ಬಂದಾಗ

ನಕಲಿ ಚಾಕುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಹೊರಗಿನ ಬಣ್ಣ, ಲಾಂಛನ ನೋಡಿ ಅಸಲಿಯೆಂದು ಹೇಳಲಾಗದು. ಒಂದೊಂದು ಸಾಧನವನ್ನೂ ತೆರೆದು ನೋಡಿ. ಅಲಗಿನ ಬುಡದಲ್ಲಿ ತಯಾರಕರ ಗುರುತು ಸ್ಪಷ್ಟವಾಗಿ ಮೂಡಿರಬೇಕು. ತೆರೆದ ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಕೀಲು ಸಡಿಲ ಎನಿಸಬಾರದು. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದಾಗ ಬೆನ್ನಿನ ಸ್ಪ್ರಿಂಗ್ ಮತ್ತು ತಗಡುಗಳ ನಡುವೆ ಬೆಳಕು ತೂರಬಾರದು. ಯಾರು ಬಳಸುತ್ತಾರೋ ಅವರ ಉಗುರಿಗೇ ಅಲಗು ತೆರೆಯಬೇಕು. ವಯಸ್ಸಾದವರಿಗೆ, ಕೀಲುನೋವಿನ ಬೆರಳಿನವರಿಗೆ 91 ಮಿಲಿಮೀಟರಿನ ಹೊಸ ಸ್ಪ್ರಿಂಗ್ ಗಡುಸಾಗಿ ತೋರಬಹುದು. ಉಡುಗೊರೆ ಕೊಡುವವರು ಇದನ್ನು ಮರೆಯುತ್ತಾರೆ. ಅಂಥವರಿಗೆ 58 ಮಿಲಿಮೀಟರಿನದ್ದು ಎಳೆಯಲು ಹಗುರ.

ಖಾತರಿಯನ್ನೂ ಕೇಳಿ ತಿಳಿದುಕೊಳ್ಳಿ. ವಿಕ್ಟೋರಿನಾಕ್ಸ್ ತನ್ನ ಚಾಕುಗಳ ಉಕ್ಕು ಮತ್ತು ತಯಾರಿಕೆಯ ದೋಷಗಳಿಗೆ ಜೀವಮಾನದ ಖಾತರಿ ಕೊಡುತ್ತದೆ, ಲೆದರ್‌ಮನ್ 25 ವರ್ಷದ್ದು. ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಕೊಂಡಾಗ ಕೈತಪ್ಪುವುದು ಇದೇ. ಚಿಮ್ಮಟ, ಹಲ್ಲುಕಡ್ಡಿ, ಕತ್ತರಿಯ ಸಣ್ಣ ಸ್ಪ್ರಿಂಗ್ ಇವು ಬಿಡಿಭಾಗವಾಗಿ ಸಿಗುತ್ತವೆ. ಅವು ಕಳೆದುಹೋದವೆಂದು ಚಾಕುವನ್ನೇ ಮೂಲೆಗೆ ಹಾಕಬೇಕಿಲ್ಲ.

ಕೊನೆಗೆ ಕತ್ತರಿಯ ಪರೀಕ್ಷೆ. ತೆಳುವಾದ ಪಾಲಿಥಿನ್ ಹಾಳೆ ಅಥವಾ ಒದ್ದೆ ಮಾಡಿದ ಟಿಶ್ಯೂ ಕಾಗದವನ್ನು ಕತ್ತರಿಯ ತುತ್ತತುದಿಯಿಂದ ಕತ್ತರಿಸಿ. ಬುಡದಲ್ಲಿ ಎಲ್ಲ ಕತ್ತರಿಗಳೂ ಕತ್ತರಿಸುತ್ತವೆ. ಕಳಪೆಯದ್ದರಲ್ಲಿ ಎರಡು ಅಲಗುಗಳು ತುದಿಯಲ್ಲಿ ಸೇರದೆ ಹಾಳೆ ಅವುಗಳ ನಡುವೆ ಮಡಚಿಕೊಳ್ಳುತ್ತದೆ. ಹಾಗಾದರೆ ಪೆಟ್ಟಿಗೆಯ ಮೇಲೆ ಎಷ್ಟು ಉಪಯೋಗಗಳೆಂದು ಬರೆದಿದ್ದರೂ ಅದನ್ನು ಅಂಗಡಿಯವರಿಗೇ ಹಿಂದಿರುಗಿಸಿ, ಇನ್ನೊಂದನ್ನು ತೋರಿಸಲು ಹೇಳಿ.